ಬಾಯಿಯ ಕಿರು ಲಾಲಾಗ್ರಂಥಿಗಳ ಅಪರೂಪದ ಕ್ಯಾನ್ಸರ್‌ಗಳು: ರೋಗನಿರ್ಣಯದ ಹಾದಿ ಮತ್ತು ತೊಡಕುಗಳು

ಪೀಠಿಕೆ

ಭಾರತದಲ್ಲಿ ಬಾಯಿಯ ಕ್ಯಾನ್ಸರ್ ಎಂದೊಡನೆ ತಂಬಾಕು, ಅಡಕೆ, ಗುಟ್ಕಾ, ಬೀಡಿಗಳು ನೆನಪಿಗೆ ಬರುವುದು ಸಹಜ. ಈ ದೇಶದಲ್ಲಿ ಕಂಡುಬರುವ ಬಾಯಿಯ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಈ ಚಟಗಳೊಡನೆ ನಂಟುಳ್ಳವು. ಬಾಯಿಯ ಒಳಪದರದ ಚಪ್ಪಟೆ ಕೋಶಗಳಿಂದ ಹುಟ್ಟುವ ಇವುಗಳನ್ನು ಸ್ಕ್ವೇಮಸ್ ಕೋಶದ ಕ್ಯಾನ್ಸರ್ ಎನ್ನುತ್ತಾರೆ. ಆದರೆ ಅದೇ ಒಳಪದರದ ಕೆಳಗೆ ಹುದುಗಿರುವ ಪುಟ್ಟ ಲಾಲಾಗ್ರಂಥಿಗಳಲ್ಲಿಯೂ ಕ್ಯಾನ್ಸರ್ ಹುಟ್ಟಬಲ್ಲದು. ಇದರ ಮೂಲ ಬೇರೆ, ಬೆಳೆಯುವ ರೀತಿ ಬೇರೆ, ಚಿಕಿತ್ಸೆಯ ಲೆಕ್ಕಾಚಾರವೂ ಬೇರೆ. ತಲೆ ಮತ್ತು ಕತ್ತಿನ ಭಾಗದ ಒಟ್ಟು ಕ್ಯಾನ್ಸರ್‌ಗಳಲ್ಲಿ ಎಲ್ಲ ಲಾಲಾಗ್ರಂಥಿಗಳ ಕ್ಯಾನ್ಸರ್‌ಗಳನ್ನು ಕೂಡಿಸಿದರೂ ಅವುಗಳ ಪಾಲು ಶೇಕಡಾ 5ರ ಆಸುಪಾಸಿನಲ್ಲಿದೆ. ಬಾಯೊಳಗಿನ ಕಿರುಗ್ರಂಥಿಗಳಿಗೆ ಸೇರಿದವು ಅದರಲ್ಲಿಯೂ ಒಂದು ಭಾಗ ಮಾತ್ರ.

ಅಪರೂಪವೆಂಬುದು ಇಲ್ಲಿ ಕೇವಲ ಅಂಕಿಸಂಖ್ಯೆಯ ಮಾತಲ್ಲ; ಅದೇ ರೋಗನಿರ್ಣಯದ ಮೊದಲ ಅಡ್ಡಿ. ಒಬ್ಬ ದಂತವೈದ್ಯರು ತಮ್ಮ ಇಡೀ ವೃತ್ತಿಜೀವನದಲ್ಲಿ ಇಂತಹ ಕೆಲವೇ ರೋಗಿಗಳನ್ನು ಕಾಣಬಹುದು. ಸಾಮಾನ್ಯ ಪೆಥಾಲಜಿ ಪ್ರಯೋಗಾಲಯವೂ ವರ್ಷಕ್ಕೆ ಬೆರಳೆಣಿಕೆಯಷ್ಟನ್ನು ಮಾತ್ರ ನೋಡಬಹುದು. ಹೀಗಿರುವಾಗ ನಿಜವಾದ ಕ್ಯಾನ್ಸರನ್ನು ಹಲ್ಲಿನ ಕೀವುಗಡ್ಡೆಯೆಂದು ತಿಳಿದು ವರ್ಷಗಳು ಕಳೆದುಹೋಗುವ ಸಂಭವವೂ ಇದೆ, ತಾನಾಗಿಯೇ ಮಾಯುವ ಹುಣ್ಣನ್ನು ಕ್ಯಾನ್ಸರೆಂದು ತಿಳಿದು ಮೇಲ್ದವಡೆಯ ಭಾಗವನ್ನೇ ಕತ್ತರಿಸಿಬಿಡುವ ಸಂಭವವೂ ಇದೆ. ಈ ಎರಡು ತಪ್ಪುಗಳ ನಡುವೆ ಸರಿಯಾದ ಹಾದಿಯನ್ನು ಹಿಡಿಯುವ ಬಗೆಯನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ. ಈ ಗಡ್ಡೆಗಳ ನಿರ್ಣಾಯಕ ಸಾಕ್ಷ್ಯವು ಅವುಗಳ ಒಳಗಿನ ಕೋಶಗಳ ರೂಪದಲ್ಲಿ ಇರುವಷ್ಟೇ ಅವುಗಳ ಅಂಚಿನಲ್ಲಿಯೂ, ಅಂದರೆ ಗಡ್ಡೆಯು ನೆರೆಯ ಅಂಗಾಂಶದೊಡನೆ ವರ್ತಿಸುವ ರೀತಿಯಲ್ಲಿಯೂ ಇರುತ್ತದೆ ಎಂಬುದು ಇಲ್ಲಿನ ಮುಖ್ಯ ಪ್ರತಿಪಾದನೆ.

ಗ್ರಂಥಿಗಳ ನೆಲೆ ಮತ್ತು ರಚನೆ

ಮನುಷ್ಯನಲ್ಲಿ ಮೂರು ಜೊತೆ ದೊಡ್ಡ ಲಾಲಾಗ್ರಂಥಿಗಳಿವೆ. ಕಿವಿಯ ಮುಂಭಾಗದ ಪೆರೋಟಿಡ್, ಕೆಳದವಡೆಯ ಒಳಬದಿಯ ಸಬ್‌ಮ್ಯಾಂಡಿಬ್ಯುಲರ್ ಹಾಗೂ ನಾಲಿಗೆಯ ಕೆಳಗಿನ ಸಬ್‌ಲಿಂಗ್ವಲ್ ಎಂಬುವೇ ಅವು. ಇವಲ್ಲದೆ ತುಟಿ, ಕೆನ್ನೆ, ಅಂಗುಳ, ನಾಲಿಗೆ, ಬಾಯಿಯ ತಳ ಹಾಗೂ ಗಂಟಲಿನ ಲೋಳೆಪೊರೆಯ ಕೆಳಗೆ 600ರಿಂದ 1000ದವರೆಗೆ ಕಿರುಗ್ರಂಥಿಗಳು ಹರಡಿಕೊಂಡಿವೆ. ಇವುಗಳ ಗಾತ್ರ ಕೆಲವು ಮಿಲಿಮೀಟರ್ ಮಾತ್ರ. ಒಸಡಿನಲ್ಲಿ ಹಾಗೂ ಗಟ್ಟಿ ಅಂಗುಳದ ಮುಂಭಾಗದಲ್ಲಿ ಇವು ಸಾಮಾನ್ಯವಾಗಿ ಇರುವುದಿಲ್ಲ. ಗಟ್ಟಿ ಅಂಗುಳದ ಹಿಂಭಾಗದ ಎರಡು ಪಾರ್ಶ್ವಗಳಲ್ಲಿ ಹಾಗೂ ಮೃದು ಅಂಗುಳದಲ್ಲಿ ಇವು ದಟ್ಟವಾಗಿವೆ. ಬಾಯಿಯ ಕಿರುಗ್ರಂಥಿಗಳ ಗಡ್ಡೆಗಳು ಅತಿ ಹೆಚ್ಚಾಗಿ ಅಂಗುಳದಲ್ಲಿಯೇ ಕಾಣಿಸಿಕೊಳ್ಳುವುದಕ್ಕೆ ಈ ಹಂಚಿಕೆಯೇ ಕಾರಣ.

ಪ್ರತಿಯೊಂದು ಗ್ರಂಥಿಯಲ್ಲಿಯೂ ರಸವನ್ನು ಸ್ರವಿಸುವ ಕೋಶಗುಚ್ಛಗಳು, ಆ ರಸವನ್ನು ಒಯ್ಯುವ ನಾಳಗಳು, ಇವೆರಡನ್ನೂ ಹೊರಗಿನಿಂದ ತಬ್ಬಿಕೊಂಡು ಹಿಂಡುವ ಮಯೋಎಪಿಥೀಲಿಯಲ್ ಕೋಶಗಳು ಇರುತ್ತವೆ. ಗಡ್ಡೆ ಬೆಳೆದಾಗ ಈ ಕೋಶಗಳು ಬೇರೆ ಬೇರೆ ಪ್ರಮಾಣದಲ್ಲಿ ಬೆರೆತು ನಾನಾ ವಿನ್ಯಾಸಗಳನ್ನು ತಳೆಯುತ್ತವೆ. ಲಾಲಾಗ್ರಂಥಿಯ ಗಡ್ಡೆಗಳಲ್ಲಿ ಕಾಣುವ ಅಪಾರ ವೈವಿಧ್ಯಕ್ಕೆ ಇದು ಮೂಲ. ವಿಶ್ವ ಆರೋಗ್ಯ ಸಂಸ್ಥೆಯು ಇವುಗಳ ಮೊದಲ ವರ್ಗೀಕರಣವನ್ನು 1972ರಲ್ಲಿ ಪ್ರಕಟಿಸಿತು. ಅನಂತರ 1991, 2005, 2017ರ ಪರಿಷ್ಕರಣೆಗಳಲ್ಲಿಯೂ 2022ರಲ್ಲಿ ಹೊರಬಂದ ಐದನೆಯ ಆವೃತ್ತಿಯಲ್ಲಿಯೂ ಪಟ್ಟಿ ಬದಲಾಗುತ್ತಲೇ ಬಂದಿದೆ. ಇಂದು ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಗೆಯ ಕ್ಯಾನ್ಸರ್‌ಗಳಿವೆ. ಅಪರೂಪದ ಕಾಯಿಲೆಯೊಂದು ಇಷ್ಟೊಂದು ಕವಲುಗಳಾಗಿ ಒಡೆದಾಗ ಪ್ರತಿ ಕವಲಿನ ಅನುಭವವೂ ಮತ್ತಷ್ಟು ವಿರಳವಾಗುವುದು ಸ್ವಾಭಾವಿಕ.

ಗ್ರಂಥಿ ಕಿರಿದಾದಷ್ಟೂ ಹಿರಿದಾಗುವ ಅನುಮಾನ

ಲಾಲಾಗ್ರಂಥಿಯ ಗಡ್ಡೆಗಳ ಅಧ್ಯಯನದಲ್ಲಿ ಬಹುಕಾಲದಿಂದ ಒಪ್ಪಿತವಾಗಿರುವ ಒಂದು ಸೂತ್ರವಿದೆ: ಗ್ರಂಥಿಯ ಗಾತ್ರ ಕಿರಿದಾದಷ್ಟೂ ಅದರಲ್ಲಿ ಹುಟ್ಟಿದ ಗಡ್ಡೆ ಕ್ಯಾನ್ಸರ್ ಆಗಿರುವ ಸಂಭವ ಹೆಚ್ಚು. ಪೆರೋಟಿಡ್ ಗ್ರಂಥಿಯ ಗಡ್ಡೆಗಳಲ್ಲಿ ಸುಮಾರು ನಾಲ್ಕು ಅಥವಾ ಐದರಲ್ಲಿ ಒಂದು ಮಾತ್ರ ಕ್ಯಾನ್ಸರ್. ಬಾಯಿಯ ಕಿರುಗ್ರಂಥಿಗಳ ಗಡ್ಡೆಗಳಲ್ಲಿ ಈ ಪಾಲು ಹೆಚ್ಚುಕಡಿಮೆ ಅರ್ಧದಷ್ಟಿದೆ. ಬಾಯೊಳಗೂ ಜಾಗದಿಂದ ಜಾಗಕ್ಕೆ ವ್ಯತ್ಯಾಸವುಂಟು. ಮೇಲ್ದುಟಿಯ ಗಡ್ಡೆಗಳು ಬಹುತೇಕ ಸೌಮ್ಯವಾದವು. ಕೆಳದುಟಿ, ನಾಲಿಗೆ, ಬಾಯಿಯ ತಳ ಹಾಗೂ ಕೊನೆಯ ದವಡೆಹಲ್ಲಿನ ಹಿಂಬದಿಯಲ್ಲಿ ಲಾಲಾಗ್ರಂಥಿಯ ನಿಜವಾದ ಗಡ್ಡೆ ಕಾಣಿಸಿಕೊಂಡರೆ ಅದು ಕ್ಯಾನ್ಸರ್ ಆಗಿರುವ ಸಂಭವವೇ ಅಧಿಕ. ಆದ್ದರಿಂದ ಗಂಟು ಎಲ್ಲಿದೆ ಎಂಬುದು ಕೇವಲ ದಾಖಲಾತಿಯ ವಿವರವಾಗಿರದೆ ರೋಗನಿರ್ಣಯದ ಮೊದಲ ಸುಳಿವೂ ಆಗಿರುತ್ತದೆ.

ಕಾರಣಗಳ ವಿಚಾರದಲ್ಲಿಯೂ ಈ ಕ್ಯಾನ್ಸರ್‌ಗಳು ಪ್ರತ್ಯೇಕವಾಗಿವೆ. ತಂಬಾಕಿಗೂ ಇವುಗಳಿಗೂ ಸ್ಕ್ವೇಮಸ್ ಕ್ಯಾನ್ಸರಿನಲ್ಲಿರುವಂತಹ ಗಟ್ಟಿಯಾದ ಸಂಬಂಧ ಸಾಬೀತಾಗಿಲ್ಲ. ಖಚಿತವಾಗಿ ತಿಳಿದಿರುವ ಒಂದು ಕಾರಣ ವಿಕಿರಣ. ಹಿರೋಷಿಮಾ, ನಾಗಸಾಕಿಗಳ ಅಣುಬಾಂಬ್ ದಾಳಿಯಲ್ಲಿ ಬದುಕುಳಿದವರನ್ನು ದೀರ್ಘಕಾಲ ಅಧ್ಯಯನ ಮಾಡಿದಾಗ ಲಾಲಾಗ್ರಂಥಿಯ ಗಡ್ಡೆಗಳು, ಅದರಲ್ಲಿಯೂ ಮ್ಯೂಕೋಎಪಿಡರ್ಮಾಯ್ಡ್ ಕಾರ್ಸಿನೋಮಾ, ಹೆಚ್ಚಾಗಿರುವುದು ಕಂಡುಬಂದಿತು. ಬಹುತೇಕ ರೋಗಿಗಳಲ್ಲಿ ಯಾವುದೇ ಸ್ಪಷ್ಟ ಕಾರಣ ದೊರೆಯುವುದಿಲ್ಲ. ಇದರಿಂದ ಒಂದು ಪ್ರಾಯೋಗಿಕ ತೊಡಕುಂಟು. ಎಲೆಅಡಕೆಯನ್ನಾಗಲಿ ಬೀಡಿಯನ್ನಾಗಲಿ ಮುಟ್ಟದ ವ್ಯಕ್ತಿಯ ಬಾಯಲ್ಲಿ ನೋವಿಲ್ಲದ ಗಂಟೊಂದು ಕಂಡಾಗ ರೋಗಿಯೂ ವೈದ್ಯರೂ ಕ್ಯಾನ್ಸರಿನ ಯೋಚನೆಯನ್ನೇ ಮಾಡದಿರಬಹುದು. ಚಟವಿಲ್ಲವೆಂಬ ಸಮಾಧಾನವು ಈ ಸಂದರ್ಭದಲ್ಲಿ ದಾರಿತಪ್ಪಿಸುತ್ತದೆ.

ನೋಂದಣಿ ದಾಖಲೆಗಳಲ್ಲಿಯೂ ಇವು ಮರೆಯಾಗುತ್ತವೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಯಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ ಅಂಗವಾಗಿ 1982ರಿಂದ ಜನಸಂಖ್ಯಾಧಾರಿತ ದಾಖಲಾತಿ ನಡೆದುಬಂದಿದೆ. ಇಂತಹ ದಾಖಲೆಗಳು ಅನುಸರಿಸುವ ಅಂತರರಾಷ್ಟ್ರೀಯ ರೋಗ ವರ್ಗೀಕರಣದ ಹತ್ತನೆಯ ಪರಿಷ್ಕರಣೆಯಲ್ಲಿ ದೊಡ್ಡ ಲಾಲಾಗ್ರಂಥಿಗಳಿಗೆ ಸಿ07, ಸಿ08 ಎಂಬ ಸ್ವತಂತ್ರ ಸಂಕೇತಗಳಿವೆ. ಕಿರುಗ್ರಂಥಿಯ ಕ್ಯಾನ್ಸರನ್ನು ಮಾತ್ರ ಅದು ಹುಟ್ಟಿದ ಜಾಗದ ಲೆಕ್ಕಕ್ಕೆ ಸೇರಿಸಲಾಗುತ್ತದೆ. ಅಂಗುಳದ ಗ್ರಂಥಿಯ ಕ್ಯಾನ್ಸರು ಸಿ05 ಎಂಬ ಅಂಗುಳದ ಸಂಕೇತದಡಿ, ತಂಬಾಕಿನಿಂದಾದ ಸ್ಕ್ವೇಮಸ್ ಕ್ಯಾನ್ಸರಿನ ಜೊತೆಯಲ್ಲಿಯೇ ಎಣಿಕೆಯಾಗುತ್ತದೆ. ಅಂಗಾಂಶದ ಬಗೆಯನ್ನು ಸೂಚಿಸುವ ಪ್ರತ್ಯೇಕ ಸಂಕೇತವನ್ನೂ ಹಿಡಿದು ಹುಡುಕಿದಾಗ ಮಾತ್ರ ಇದನ್ನು ಬೇರ್ಪಡಿಸಬಹುದು. ಆ ಸಂಕೇತದ ನಿಖರತೆಯು ಪೆಥಾಲಜಿ ವರದಿಯ ನಿಖರತೆಯನ್ನೇ ಅವಲಂಬಿಸಿದೆ.

ಬಾಯಿಯ ತಪಾಸಣೆ: ಹೋಲಿಕೆಯ ಮೋಸಗಳು

ಅಂಗುಳದ ಲಾಲಾಗ್ರಂಥಿ ಗಡ್ಡೆಯು ಸಾಮಾನ್ಯವಾಗಿ ಮಧ್ಯರೇಖೆಯಿಂದ ಪಕ್ಕಕ್ಕೆ, ಗಟ್ಟಿ ಹಾಗೂ ಮೃದು ಅಂಗುಳಗಳು ಕೂಡುವೆಡೆಯಲ್ಲಿ, ನುಣುಪಾದ ಪೊರೆಯಿಂದ ಮುಚ್ಚಿದ ಗಟ್ಟಿ ಉಬ್ಬಾಗಿ ಕಾಣುತ್ತದೆ. ಅದು ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಕಾಲ ನಿಧಾನವಾಗಿ ಬೆಳೆಯುತ್ತದೆ. ಪೊರೆಯ ಮೇಲೆ ಹುಣ್ಣಾದರೆ ಅದು ಆತಂಕದ ಸೂಚನೆ. ಆದರೆ ಹುಣ್ಣಿಲ್ಲವೆಂಬ ಕಾರಣಕ್ಕೆ ಕ್ಯಾನ್ಸರನ್ನು ತಳ್ಳಿಹಾಕುವಂತಿಲ್ಲ. ಆಹಾರದ ಅಥವಾ ಕೃತಕ ದಂತಪಂಕ್ತಿಯ ಒರೆತದಿಂದ ಸೌಮ್ಯ ಗಡ್ಡೆಯ ಮೇಲೂ ಹುಣ್ಣಾಗಬಹುದು. ಹೆಚ್ಚು ಅರ್ಥಪೂರ್ಣವಾದ ಲಕ್ಷಣಗಳೆಂದರೆ ಆ ಭಾಗದಲ್ಲಿ ಜೋಮು ಹಿಡಿಯುವುದು, ಜುಮ್ಮೆನ್ನುವುದು, ಕಾರಣವಿಲ್ಲದ ಮಂದ ನೋವು. ಇವು ಗಡ್ಡೆಯು ನರವನ್ನು ಹಿಡಿದಿರುವುದರ ಸೂಚನೆಗಳಾಗಿರಬಹುದು.

ಇಂತಹ ಉಬ್ಬನ್ನು ಹೋಲುವ ಸ್ಥಿತಿಗಳು ಹಲವು. ಮೇಲ್ದವಡೆಯ ಹಲ್ಲಿನ ಬೇರಿನ ಸೋಂಕಿನಿಂದ ಅಂಗುಳದಲ್ಲಿ ಕೀವುಗಡ್ಡೆಯಾಗುವುದು ತೀರ ಸಾಮಾನ್ಯ. ಹಲ್ಲು ಸತ್ತಿದೆಯೇ, ತಟ್ಟಿದರೆ ನೋಯುತ್ತದೆಯೇ, ಎಕ್ಸ್-ರೇಯಲ್ಲಿ ಬೇರಿನ ತುದಿಯಲ್ಲಿ ಬದಲಾವಣೆ ಇದೆಯೇ ಎಂಬುದನ್ನು ಪರೀಕ್ಷಿಸಿದರೆ ಇದು ಸ್ಪಷ್ಟವಾಗುತ್ತದೆ. ಹಲ್ಲಿಗೆ ಜೀವವಿದ್ದೂ ಉಬ್ಬು ಇದ್ದರೆ, ಅಥವಾ ಹಲ್ಲಿಗೆ ಚಿಕಿತ್ಸೆಯಾದ ಮೇಲೂ ಉಬ್ಬು ಕರಗದಿದ್ದರೆ, ಪ್ರತಿಜೈವಿಕ ಔಷಧಿಯನ್ನು ಮತ್ತೆ ಮತ್ತೆ ಕೊಡುವುದಕ್ಕಿಂತ ಅಂಗಾಂಶ ಪರೀಕ್ಷೆಗೆ ಮುಂದಾಗುವುದು ಉಚಿತ. ಅಂಗುಳದ ಮಧ್ಯರೇಖೆಯಲ್ಲಿ ಹುಟ್ಟಿನ ಕಾಲದ ಪ್ರವೃತ್ತಿಯಿಂದ ಬೆಳೆಯುವ ಮೂಳೆಯ ಉಬ್ಬು ಕಲ್ಲಿನಷ್ಟು ಗಟ್ಟಿಯಾಗಿದ್ದು, ಅದರ ನೆಲೆಯಿಂದಲೇ ಗುರುತಿಗೆ ಬರುತ್ತದೆ. ಆಂಧ್ರಪ್ರದೇಶದ ಕರಾವಳಿಯ ಕೆಲವೆಡೆ ಚುಟ್ಟದ ಉರಿಯುವ ತುದಿಯನ್ನು ಬಾಯೊಳಗಿಟ್ಟು ಸೇದುವ ರೂಢಿಯಿಂದ ಅಂಗುಳದಲ್ಲಿ ಸ್ಕ್ವೇಮಸ್ ಕ್ಯಾನ್ಸರ್ ಬರುವುದುಂಟು. ಅದು ಮೇಲ್ಪದರದಲ್ಲಿಯೇ ಆರಂಭವಾಗುವುದರಿಂದ ಬಿಳಿ ಮಚ್ಚೆ, ಒರಟುತನ, ಹುಣ್ಣುಗಳು ಮೊದಲೇ ತೋರುತ್ತವೆ.

ಲೋಳೆ ತುಂಬಿದ ನೀಲಿಛಾಯೆಯ ಗುಳ್ಳೆಗಳ ವಿಷಯದಲ್ಲಿ ಎಚ್ಚರ ಅಗತ್ಯ. ಕೆಳದುಟಿಯನ್ನು ಕಚ್ಚಿಕೊಂಡಾಗ ಬರುವ ಇಂತಹ ಗುಳ್ಳೆ ಸಾಮಾನ್ಯವಾದುದು ಮತ್ತು ನಿರಪಾಯಕಾರಿ. ಅಂಥದೇ ಗುಳ್ಳೆ ಅಂಗುಳದಲ್ಲಾಗಲಿ ಕೊನೆಯ ದವಡೆಹಲ್ಲಿನ ಹಿಂದಾಗಲಿ ಕಂಡರೆ ಅದು ಲೋಳೆಯನ್ನು ಸ್ರವಿಸುವ ಮ್ಯೂಕೋಎಪಿಡರ್ಮಾಯ್ಡ್ ಕಾರ್ಸಿನೋಮಾ ಆಗಿರಬಹುದು.

ಇದಕ್ಕೆ ವಿರುದ್ಧ ದಿಕ್ಕಿನ ಮೋಸವೂ ಒಂದಿದೆ. ಗ್ರಂಥಿಗೆ ರಕ್ತ ಪೂರೈಕೆ ಕುಂಠಿತವಾಗಿ ಅದರ ಒಂದು ಭಾಗ ಸತ್ತಾಗ ಅಂಗುಳದಲ್ಲಿ ಊತ ಬಂದು, ಅನಂತರ ಆಳವಾದ ಕುಳಿಯಂತಹ ಹುಣ್ಣಾಗುತ್ತದೆ. ನೆಕ್ರೊಟೈಸಿಂಗ್ ಸಯಲೋಮೆಟಪ್ಲೇಸಿಯಾ ಎಂಬ ಈ ಸ್ಥಿತಿಯನ್ನು ಅಬ್ರಾಮ್ಸ್ ಮತ್ತು ಸಂಗಡಿಗರು 1973ರಲ್ಲಿ ವಿವರಿಸಿದರು. ನೋಡುವುದಕ್ಕೆ ಕ್ಯಾನ್ಸರಿನಂತಿದ್ದರೂ ಇದು ಕೆಲವು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ಸೂಕ್ಷ್ಮದರ್ಶಕದಡಿಯಲ್ಲಿಯೂ ಇದು ಕ್ಯಾನ್ಸರನ್ನು ಹೋಲುತ್ತದೆ. ನಾಳಗಳ ಕೋಶಗಳು ಚಪ್ಪಟೆ ಕೋಶಗಳಾಗಿ ಮಾರ್ಪಟ್ಟು ಆಳದಲ್ಲಿ ದ್ವೀಪಗಳಂತೆ ಕಾಣುವುದೇ ಇದಕ್ಕೆ ಕಾರಣ. ಗ್ರಂಥಿಯ ಮೂಲ ಗೊಂಚಲು ರಚನೆ ಕೆಡದೆ ಉಳಿದಿರುವುದನ್ನು ಗಮನಿಸಿದರೆ ಮಾತ್ರ ನಿಜಾಂಶ ತಿಳಿಯುತ್ತದೆ. ಹುಣ್ಣಿನ ಮೇಲ್ಮೈಯಿಂದ ತೆಗೆದ ತೆಳುವಾದ ತುಣುಕಿನಲ್ಲಿ ಈ ಗೊಂಚಲು ಸಿಗುವುದೇ ಇಲ್ಲ.

ಪ್ರತಿಬಿಂಬ ಪರೀಕ್ಷೆಗಳು

ಗಡ್ಡೆಗೆ ಹೆಸರಿಡುವ ಶಕ್ತಿ ಸ್ಕ್ಯಾನ್‌ಗಳಿಗಿಲ್ಲ. ಅದು ಎಲ್ಲಿಯವರೆಗೆ ಹರಡಿದೆ ಎಂಬುದನ್ನು ಅವು ತಿಳಿಸುತ್ತವೆ. ಅಂಗುಳದ ತೆಳು ಮೂಳೆ ಸವೆದಿದೆಯೇ, ಮೇಲ್ದವಡೆಯ ಗಾಳಿಗೂಡಿಗೋ ಮೂಗಿನ ತಳಕ್ಕೋ ಗಡ್ಡೆ ದಾಟಿದೆಯೇ ಎಂಬುದು ಸಿ.ಟಿ. ಸ್ಕ್ಯಾನಿನಲ್ಲಿ ಚೆನ್ನಾಗಿ ಕಾಣುತ್ತದೆ. ಮೃದು ಅಂಗಾಂಶದ ಹರಡುವಿಕೆಗೆ, ಮುಖ್ಯವಾಗಿ ನರದ ಗುಂಟ ಸಾಗುವ ಹರಡುವಿಕೆಗೆ, ಎಂ.ಆರ್.ಐ. ಉತ್ತಮ ಸಾಧನ. ಅಂಗುಳದ ನರವು ಮೂಳೆಯ ಕಿರುರಂಧ್ರದ ಮೂಲಕ ಮೇಲೇರಿ ಮೇಲ್ದವಡೆಯ ಮುಖ್ಯ ನರವನ್ನು ಸೇರಿ ತಲೆಬುರುಡೆಯ ತಳವನ್ನು ಹಾಯ್ದು ಮಿದುಳಿನತ್ತ ಹೋಗುತ್ತದೆ. ಅಡೆನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾ ಈ ಹಾದಿಯನ್ನು ಹಿಡಿದಾಗ ಬಾಯಲ್ಲಿ ಒಂದೆರಡು ಸೆಂಟಿಮೀಟರ್ ಮಾತ್ರ ಕಾಣುವ ಗಡ್ಡೆಯ ಎಳೆ ತಲೆಬುರುಡೆಯ ತಳವನ್ನು ಮುಟ್ಟಿರಬಹುದು. ಈ ಕಾರಣದಿಂದ ಎಂ.ಆರ್.ಐ. ಚಿತ್ರಗಳು ಅಂಗುಳಕ್ಕಷ್ಟೇ ಸೀಮಿತವಾಗದೆ ನರದ ಇಡೀ ಹಾದಿಯನ್ನು ಒಳಗೊಳ್ಳುವುದು ಅವಶ್ಯಕ. ನರದ ದಪ್ಪ, ರಂಧ್ರದ ಹಿಗ್ಗುವಿಕೆ, ರಂಧ್ರದ ಸುತ್ತಲಿನ ಕೊಬ್ಬು ಮಾಯವಾಗಿರುವುದು ಇವುಗಳನ್ನು ವಿಕಿರಣ ತಜ್ಞರು ಹುಡುಕುತ್ತಾರೆ. ಅನುಮಾನವೇನೆಂಬುದನ್ನು ಪರೀಕ್ಷೆಯ ಕೋರಿಕೆಪತ್ರದಲ್ಲಿ ಬರೆದಿದ್ದರೆ ಮಾತ್ರ ಈ ಹುಡುಕಾಟ ನಡೆದೀತು. ಈ ಕ್ಯಾನ್ಸರು ಕತ್ತಿನ ದುಗ್ಧಗ್ರಂಥಿಗಳಿಗಿಂತ ಶ್ವಾಸಕೋಶಕ್ಕೆ ಹೆಚ್ಚಾಗಿ ಹರಡುವುದರಿಂದ ಎದೆಯ ಸಿ.ಟಿ. ಸ್ಕ್ಯಾನೂ ಆವಶ್ಯಕವೆನಿಸುತ್ತದೆ.

ಅಂಗಾಂಶವನ್ನು ತೆಗೆಯುವ ಕ್ರಮ

ಎಫ್.ಎನ್.ಎ.ಸಿ. ಎಂದು ಕರೆಯುವ ಸೂಜಿ ಪರೀಕ್ಷೆಯು ದೊಡ್ಡ ಗ್ರಂಥಿಗಳ ಗಡ್ಡೆಗಳಲ್ಲಿ ರೂಢಿಯಲ್ಲಿದೆ. ಅದರ ಫಲಿತಾಂಶವನ್ನು ವರದಿ ಮಾಡಲು 2018ರಲ್ಲಿ ಮಿಲಾನ್ ಪದ್ಧತಿ ಪ್ರಕಟವಾಯಿತು. 2023ರಲ್ಲಿ ಅದರ ಎರಡನೆಯ ಆವೃತ್ತಿ ಬಂದಿತು. ಪ್ರತಿಯೊಂದು ಫಲಿತಾಂಶಕ್ಕೂ ಖಚಿತ ಹೆಸರನ್ನು ನಿರೀಕ್ಷಿಸದೆ ಅಪಾಯದ ಮಟ್ಟಕ್ಕೆ ತಕ್ಕಂತೆ ವಿಭಾಗಿಸುವುದು ಈ ಪದ್ಧತಿಯ ತಿರುಳು. ಬಾಯೊಳಗಿನ ಕಿರುಗ್ರಂಥಿಗಳಲ್ಲಿ ಸೂಜಿಯ ಉಪಯೋಗ ಸೀಮಿತವಾದುದು. ಸೂಜಿಯಲ್ಲಿ ಬಿಡಿ ಕೋಶಗಳು ಬರುತ್ತವೆಯೇ ಹೊರತು ಅಂಚು ಬರುವುದಿಲ್ಲ.

ಆದ್ದರಿಂದ ಗಡ್ಡೆಯ ತುಣುಕೊಂದನ್ನು ಕತ್ತರಿಸಿ ತೆಗೆಯುವ ಬಯಾಪ್ಸಿಯೇ ಪ್ರಧಾನ ಮಾರ್ಗ. ಇಲ್ಲಿ ಎರಡು ಅಗತ್ಯಗಳು ಪರಸ್ಪರ ಎದುರಾಗುತ್ತವೆ. ಪೆಥಾಲಜಿ ತಜ್ಞರಿಗೆ ಗಡ್ಡೆ ಮತ್ತು ನೆರೆಯ ಗ್ರಂಥಿ ಕೂಡುವ ಅಂಚು ಬೇಕು. ಶಸ್ತ್ರವೈದ್ಯರಿಗೆ ಆರೋಗ್ಯಕರ ಅಂಗಾಂಶದೊಳಕ್ಕೆ ಗಡ್ಡೆಯ ಕೋಶಗಳು ಚೆಲ್ಲಬಾರದು, ಬಯಾಪ್ಸಿಯ ಗಾಯವು ಮುಂದೆ ತೆಗೆಯಲಿರುವ ಭಾಗದ ಒಳಗೇ ಉಳಿಯಬೇಕು. ಲೋಳೆಪೊರೆಯನ್ನು ದಾಟಿ ಗಡ್ಡೆಯ ಆಳಕ್ಕೆ ಇಳಿಯುವ, ಜಜ್ಜಿಹೋಗದ, ಸಾಕಷ್ಟು ದೊಡ್ಡದಾದ ತುಣುಕನ್ನು ಗಡ್ಡೆಯ ವ್ಯಾಪ್ತಿಯೊಳಗಿನಿಂದಲೇ ತೆಗೆಯುವುದು ಈ ಎರಡಕ್ಕೂ ಒಪ್ಪುವ ಕ್ರಮ. ಗಡ್ಡೆಯನ್ನು ಮುಚ್ಚಿದ ಪೊರೆಯನ್ನಷ್ಟೇ ಕತ್ತರಿಸಿ ಕಳುಹಿಸಿದರೆ ಕ್ಯಾನ್ಸರ್ ಇಲ್ಲವೆಂಬ ವರದಿ ಬರಬಹುದು. ಅದು ಆ ತುಣುಕಿನ ಮಟ್ಟಿಗೆ ನಿಜವಾಗಿದ್ದರೂ ರೋಗಿಯ ಮಟ್ಟಿಗೆ ಸುಳ್ಳಾಗಿರುತ್ತದೆ.

ತುಣುಕನ್ನು ಕೂಡಲೇ ಅದರ ಗಾತ್ರದ ಹತ್ತರಷ್ಟು ಪ್ರಮಾಣದ ಶೇಕಡಾ 10ರ ಫಾರ್ಮಲಿನ್ ದ್ರಾವಣದಲ್ಲಿಡುವುದು ರೂಢಿ. ಮೂಳೆ ಸೇರಿದ ಅಂಗಾಂಶವಾದರೆ ಅದನ್ನು ಮೆದುಗೊಳಿಸಲು ಬಳಸುವ ತೀಕ್ಷ್ಣ ಆಮ್ಲಗಳು ಡಿ.ಎನ್.ಎ.ಯನ್ನು ಕೆಡಿಸುತ್ತವೆ. ಮುಂದೆ ವಂಶವಾಹಿ ಪರೀಕ್ಷೆ ಬೇಕಾಗಬಹುದೆಂಬ ದೃಷ್ಟಿಯಿಂದ ಮೂಳೆಯಿಲ್ಲದ ಒಂದು ಭಾಗವನ್ನು ಪ್ರತ್ಯೇಕವಾಗಿ ಸಂಸ್ಕರಿಸಿ ಇಡುವುದು ಒಳ್ಳೆಯದು. ವಯಸ್ಸು, ಗಡ್ಡೆಯ ನೆಲೆ, ಎಷ್ಟು ಕಾಲದಿಂದ ಇದೆ, ಜೋಮು ಇದೆಯೇ, ಸ್ಕ್ಯಾನ್ ಏನು ಹೇಳಿದೆ ಎಂಬ ವಿವರಗಳಿಲ್ಲದೆ ಬಂದ ಶೀಶೆಯು ಪ್ರಯೋಗಾಲಯಕ್ಕೆ ಅರ್ಧ ಸಾಕ್ಷ್ಯವನ್ನು ಮಾತ್ರ ಒದಗಿಸುತ್ತದೆ.

ಸೂಕ್ಷ್ಮದರ್ಶಕದಡಿಯ ಮೂರು ಮುಖ್ಯ ಬಗೆಗಳು

ಬಾಯಿಯ ಕಿರುಗ್ರಂಥಿಗಳಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಮ್ಯೂಕೋಎಪಿಡರ್ಮಾಯ್ಡ್ ಕಾರ್ಸಿನೋಮಾ. ಈ ಹೆಸರನ್ನು ಸ್ಟುವರ್ಟ್, ಫುಟ್ ಮತ್ತು ಬೆಕರ್ 1945ರಲ್ಲಿ ಬಳಕೆಗೆ ತಂದರು. ಲೋಳೆಯನ್ನು ತುಂಬಿಕೊಂಡ ಕೋಶಗಳು, ಚರ್ಮದ ಕೋಶಗಳನ್ನು ಹೋಲುವ ಕೋಶಗಳು, ಇವೆರಡರ ನಡುವಣ ರೂಪದ ಕೋಶಗಳು ಎಂಬ ಮೂರರ ಮಿಶ್ರಣ ಇದರ ಗುರುತು. ದ್ರವ ತುಂಬಿದ ಪೊಳ್ಳುಗಳು ಹೆಚ್ಚಾಗಿದ್ದರೆ ಸಾಮಾನ್ಯವಾಗಿ ಕೆಳದರ್ಜೆಯದು. ಘನವಾಗಿ ಬೆಳೆದು, ಕೋಶವಿಭಜನೆ ಹೆಚ್ಚಾಗಿ, ನರಗಳನ್ನು ಹೊಕ್ಕಿದ್ದರೆ ಮೇಲ್ದರ್ಜೆಯದು. ಮೇಲ್ದರ್ಜೆಯದರಲ್ಲಿ ಲೋಳೆಕೋಶಗಳು ವಿರಳವಾಗಿದ್ದು ಅದು ಸ್ಕ್ವೇಮಸ್ ಕ್ಯಾನ್ಸರಿನಂತೆ ಕಾಣಬಹುದು. ಲೋಳೆಯನ್ನು ತೋರಿಸುವ ವಿಶೇಷ ವರ್ಣಲೇಪನ ಆಗ ನೆರವಿಗೆ ಬರುತ್ತದೆ.

ಎರಡನೆಯದು ಅಡೆನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾ. ಜರ್ಮನ್ ಶಸ್ತ್ರವೈದ್ಯ ತಿಯೋಡೋರ್ ಬಿಲ್‌ರೋತ್ 1850ರ ದಶಕದಲ್ಲಿ ಇದಕ್ಕೆ ಸಿಲಿಂಡ್ರೋಮಾ ಎಂಬ ಹೆಸರಿತ್ತನು. ಜರಡಿಯ ಕಣ್ಣುಗಳಂತೆ ತೂತುತೂತಾದ ಕೋಶಗುಂಪುಗಳು ಇದರ ಪ್ರಸಿದ್ಧ ಚಿತ್ರ. ಕೊಳವೆಯಂತಹ ವಿನ್ಯಾಸ, ಘನ ವಿನ್ಯಾಸಗಳೂ ಉಂಟು. ಘನಭಾಗ ಹೆಚ್ಚಾದಷ್ಟೂ ರೋಗದ ಗತಿ ಕೆಟ್ಟದ್ದು. ಕೋಶಕೇಂದ್ರಗಳು ಚಿಕ್ಕವಾಗಿ, ಕಪ್ಪಾಗಿ, ಮೂಲೆಮೂಲೆಯಾಗಿರುತ್ತವೆ. ನರಗಳನ್ನು ಸುತ್ತುವರಿಯುವ ಪ್ರವೃತ್ತಿ ಇದರಲ್ಲಿ ಪ್ರಬಲ. ಐದು ವರ್ಷಗಳ ಬದುಕುಳಿಯುವಿಕೆಯ ಅಂಕಿ ಸಮಾಧಾನಕರವಾಗಿ ತೋರಿದರೂ ಹತ್ತು, ಹದಿನೈದು ವರ್ಷಗಳಾಚೆ ಅದು ಇಳಿಯುತ್ತ ಹೋಗುತ್ತದೆ. ಬಹಳ ವರ್ಷಗಳ ಬಳಿಕ ಶ್ವಾಸಕೋಶದಲ್ಲಿ ಮರುಕಳಿಸುವುದುಂಟು.

ಮೂರನೆಯದು ಪಾಲಿಮಾರ್ಫಸ್ ಅಡೆನೋಕಾರ್ಸಿನೋಮಾ. ಇದು ಬಹುಮಟ್ಟಿಗೆ ಕಿರುಗ್ರಂಥಿಗಳದೇ ಕಾಯಿಲೆ. ಅಂಗುಳ ಇದರ ಮೆಚ್ಚಿನ ನೆಲೆ. 1983–84ರಲ್ಲಿ ಇದನ್ನು ಪ್ರತ್ಯೇಕವಾಗಿ ಗುರುತಿಸಲಾಯಿತು. ಅದಕ್ಕೆ ಮೊದಲು ಇವುಗಳಲ್ಲಿ ಅನೇಕವು ಅಡೆನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾ ಅಥವಾ ಸೌಮ್ಯವಾದ ಪ್ಲಿಯೋಮಾರ್ಫಿಕ್ ಅಡೆನೋಮಾ ಎಂಬ ಹೆಸರಿನಲ್ಲಿ ದಾಖಲಾಗುತ್ತಿದ್ದವು. ಕೋಶಗಳು ಒಂದೇ ಬಗೆಯವು, ಮೆದುವಾದ ತಿಳಿ ಕೋಶಕೇಂದ್ರಗಳುಳ್ಳವು. ಆದರೆ ಅವು ಸಾಲು, ಕೊಳವೆ, ಜರಡಿ, ಘನ ಎಂಬ ಹಲವು ವಿನ್ಯಾಸಗಳನ್ನು ಒಂದೇ ಗಡ್ಡೆಯಲ್ಲಿ ತಳೆಯುತ್ತವೆ. ಇದೂ ನರಗಳನ್ನು ಸುತ್ತುವರಿಯುತ್ತದೆಯಾದರೂ ಇದರ ಗತಿ ಬಹುಪಾಲು ಸೌಮ್ಯ. 2017ರ ವರ್ಗೀಕರಣದಲ್ಲಿ ಇದರ ಹೆಸರಿನಲ್ಲಿದ್ದ ‘ಕೆಳದರ್ಜೆಯ’ ಎಂಬ ವಿಶೇಷಣವನ್ನು ಕೈಬಿಡಲಾಯಿತು. ಇದಕ್ಕೆ ನಂಟುಳ್ಳ ಜರಡಿ ವಿನ್ಯಾಸದ ರೂಪವೊಂದು ನಾಲಿಗೆಯ ಬುಡದಲ್ಲಿ ಹೆಚ್ಚಾಗಿ ಕಂಡುಬಂದು ಬೇಗನೆ ಕತ್ತಿನ ದುಗ್ಧಗ್ರಂಥಿಗಳಿಗೆ ಹರಡುತ್ತದೆ. ಅದು ಉಪಬಗೆಯೋ ಪ್ರತ್ಯೇಕ ಕಾಯಿಲೆಯೋ ಎಂಬುದು ಚರ್ಚೆಗೆ ಒಳಗಾಗಿರುವ ವಿಷಯ.

ಮೂರು ಹೆಸರುಗಳ ಮೂರು ಪರಿಣಾಮಗಳನ್ನು ಗಮನಿಸಿದರೆ ನಿರ್ಣಯದ ಹೊಣೆ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಪ್ಲಿಯೋಮಾರ್ಫಿಕ್ ಅಡೆನೋಮಾ ಆದರೆ ಸುತ್ತ ಸ್ವಲ್ಪ ಅಂಗಾಂಶ ಸೇರಿಸಿ ತೆಗೆದರೆ ಸಾಕು. ಪಾಲಿಮಾರ್ಫಸ್ ಅಡೆನೋಕಾರ್ಸಿನೋಮಾದಲ್ಲಿ ಇನ್ನೂ ವಿಶಾಲವಾಗಿ ತೆಗೆಯಬೇಕಾದರೂ ಬಹುತೇಕ ವಿಕಿರಣ ಬೇಕಾಗುವುದಿಲ್ಲ. ಅಡೆನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾದಲ್ಲಿ ಮೂಳೆಸಹಿತ ಶಸ್ತ್ರಚಿಕಿತ್ಸೆ, ಬಳಿಕ ವಿಕಿರಣ, ದಶಕಗಳ ಕಾಲದ ತಪಾಸಣೆಗಳು ಬೇಕಾಗಬಹುದು. ಅಷ್ಟಾಗಿಯೂ ಸಣ್ಣ ತುಣುಕೊಂದರಲ್ಲಿ ಈ ಮೂರೂ ಒಂದನ್ನೊಂದು ಹೋಲಬಲ್ಲವು. ಇವುಗಳಲ್ಲಿ ಸೌಮ್ಯ ಗಡ್ಡೆಯನ್ನು ಬೇರ್ಪಡಿಸುವುದು ಮುಖ್ಯವಾಗಿ ಅಂಚು. ಅದು ನೆರೆಯ ಗ್ರಂಥಿಯನ್ನು ಒತ್ತರಿಸುತ್ತದೆ, ಒಳನುಗ್ಗುವುದಿಲ್ಲ. ಆದರೆ ಕಿರುಗ್ರಂಥಿಯ ಪ್ಲಿಯೋಮಾರ್ಫಿಕ್ ಅಡೆನೋಮಾಗೆ ಅನೇಕ ವೇಳೆ ಪೂರ್ಣ ಕವಚವಿರುವುದಿಲ್ಲ. ಕವಚವಿಲ್ಲವೆಂದ ಮಾತ್ರಕ್ಕೆ ಅದನ್ನು ಕ್ಯಾನ್ಸರೆನ್ನುವಂತಿಲ್ಲ. ಅಂಚು ದೊರೆಯದ ತುಣುಕಿನ ವರದಿಯಲ್ಲಿ ‘ಲಾಲಾಗ್ರಂಥಿಯ ಗಡ್ಡೆ, ಖಚಿತ ಬಗೆಯನ್ನು ಪೂರ್ಣ ಗಡ್ಡೆಯ ಪರೀಕ್ಷೆಯ ಬಳಿಕ ತಿಳಿಸಲಾಗುವುದು’ ಎಂದು ಬರೆಯುವುದು ಸಾಕ್ಷ್ಯಕ್ಕೆ ನಿಷ್ಠವಾದ ಕ್ರಮ. ಅದನ್ನು ಪ್ರಯೋಗಾಲಯದ ಅಸಾಮರ್ಥ್ಯವೆಂದು ಭಾವಿಸಲಾಗದು.

ಪ್ರತಿಕಾಯ ಮತ್ತು ವಂಶವಾಹಿ ಪರೀಕ್ಷೆಗಳು

ಕೋಶದಲ್ಲಿರುವ ನಿರ್ದಿಷ್ಟ ಪ್ರೋಟೀನನ್ನು ಪ್ರತಿಕಾಯದ ಮೂಲಕ ಬಣ್ಣಗೊಳಿಸಿ ತೋರಿಸುವ ಇಮ್ಯುನೋಹಿಸ್ಟೋಕೆಮಿಸ್ಟ್ರಿ ಈಗ ಅನೇಕ ಪ್ರಯೋಗಾಲಯಗಳಲ್ಲಿ ಲಭ್ಯವಿದೆ. ಪಿ63 ಹಾಗೂ ಪಿ40 ಎಂಬ ಜೋಡಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಪಾಲಿಮಾರ್ಫಸ್ ಅಡೆನೋಕಾರ್ಸಿನೋಮಾದಲ್ಲಿ ಸಾಮಾನ್ಯವಾಗಿ ಪಿ63 ಕಾಣುತ್ತದೆ, ಪಿ40 ಕಾಣುವುದಿಲ್ಲ. ಅಡೆನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾದ ಮಯೋಎಪಿಥೀಲಿಯಲ್ ಕೋಶಗಳಲ್ಲಿ ಎರಡೂ ಕಾಣುತ್ತವೆ. ಇಂತಹ ಯಾವ ಒಂದು ಬಣ್ಣವೂ ತಾನೇ ನಿರ್ಣಾಯಕವಲ್ಲ. ವಿನ್ಯಾಸದ ಜೊತೆಯಲ್ಲಿಟ್ಟು ಓದಿದಾಗಲೇ ಅದಕ್ಕೆ ಅರ್ಥ.

ಕಳೆದ ಎರಡು ದಶಕಗಳಲ್ಲಿ ಈ ಕ್ಷೇತ್ರವನ್ನು ಬದಲಿಸಿದ ಸಂಗತಿಯೆಂದರೆ ಸಮ್ಮಿಲಿತ ವಂಶವಾಹಿಗಳ ಶೋಧ. ಎರಡು ವರ್ಣತಂತುಗಳ ತುಂಡುಗಳು ಅದಲುಬದಲಾಗಿ, ದೂರದಲ್ಲಿದ್ದ ಎರಡು ವಂಶವಾಹಿಗಳು ಬೆಸೆದುಕೊಂಡು ಹೊಸದೊಂದು ಪ್ರೋಟೀನ್ ಹುಟ್ಟುತ್ತದೆ. ಮ್ಯೂಕೋಎಪಿಡರ್ಮಾಯ್ಡ್ ಕಾರ್ಸಿನೋಮಾದಲ್ಲಿ 11 ಮತ್ತು 19ನೆಯ ವರ್ಣತಂತುಗಳ ನಡುವೆ ಇಂತಹ ಬದಲಾವಣೆಯಾಗಿ ಸಿ.ಆರ್.ಟಿ.ಸಿ.1 ಹಾಗೂ ಎಂ.ಎ.ಎಂ.ಎಲ್.2 ಕೂಡುವುದು 2003ರಲ್ಲಿ ತಿಳಿಯಿತು. ಅಡೆನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾದಲ್ಲಿ 6 ಮತ್ತು 9ನೆಯ ವರ್ಣತಂತುಗಳ ನಡುವೆ ಎಂ.ವೈ.ಬಿ. ಹಾಗೂ ಎನ್.ಎಫ್.ಐ.ಬಿ. ಕೂಡುವುದು 2009ರಲ್ಲಿ ವರದಿಯಾಯಿತು. ಪಾಲಿಮಾರ್ಫಸ್ ಅಡೆನೋಕಾರ್ಸಿನೋಮಾದಲ್ಲಿ ಪಿ.ಆರ್.ಕೆ.ಡಿ.1 ವಂಶವಾಹಿಯ ಒಂದು ನಿರ್ದಿಷ್ಟ ಬಿಂದುವಿನ ಬದಲಾವಣೆ 2014ರಲ್ಲಿ ಬೆಳಕಿಗೆ ಬಂದಿತು. ಇವು ಎಲ್ಲ ರೋಗಿಗಳಲ್ಲಿಯೂ ಇರುವುದಿಲ್ಲ. ಆದ್ದರಿಂದ ಇದ್ದರೆ ನಿರ್ಣಯಕ್ಕೆ ಬಲ ಬರುತ್ತದೆ, ಇಲ್ಲದಿದ್ದರೆ ಕಾಯಿಲೆಯೇ ಇಲ್ಲವೆನ್ನಲಾಗದು.

ಈ ಶೋಧಗಳಿಂದ ಹೊಸ ಕಾಯಿಲೆಗಳೂ ಗುರುತಾದವು. ಝೆಕ್ ದೇಶದ ಆಲೆನಾ ಸ್ಕಾಲೋವಾ ಮತ್ತು ಸಂಗಡಿಗರು 2010ರಲ್ಲಿ ಸ್ತನದ ಸ್ರಾವಕ ಕ್ಯಾನ್ಸರನ್ನು ಹೋಲುವ ಲಾಲಾಗ್ರಂಥಿಯ ಕ್ಯಾನ್ಸರೊಂದನ್ನು ವಿವರಿಸಿದರು. ಈಗ ಅದನ್ನು ಸೆಕ್ರೀಟರಿ ಕಾರ್ಸಿನೋಮಾ ಎನ್ನುತ್ತಾರೆ. ಅದರಲ್ಲಿ ಇ.ಟಿ.ವಿ.6 ಹಾಗೂ ಎನ್.ಟಿ.ಆರ್.ಕೆ.3 ಬೆಸೆದಿರುತ್ತವೆ. ಆ ಬೆಸುಗೆಯನ್ನೇ ಗುರಿಯಾಗಿಸಿದ ಲಾರೋಟ್ರೆಕ್ಟಿನಿಬ್ ಎಂಬ ಔಷಧಿಗೆ 2018ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಶಸ್ತ್ರಚಿಕಿತ್ಸೆಗೆ ಮೀರಿ ಹರಡಿದ ಕಾಯಿಲೆಯಲ್ಲಿ ಸರಿಯಾದ ಹೆಸರು ಹೀಗೆ ನೇರವಾಗಿ ಔಷಧಿಯ ಬಾಗಿಲನ್ನು ತೆರೆಯುತ್ತದೆ.

ವಂಶವಾಹಿ ಪರೀಕ್ಷೆಗೂ ಮಿತಿಯುಂಟು ಎಂಬುದಕ್ಕೆ ತಿಳಿಕೋಶಗಳ ಗಡ್ಡೆಗಳು ಉತ್ತಮ ನಿದರ್ಶನ. ಅಂಗುಳ, ನಾಲಿಗೆಗಳ ಕಿರುಗ್ರಂಥಿಗಳಲ್ಲಿ ಹುಟ್ಟುವ ಕ್ಲಿಯರ್ ಸೆಲ್ ಕಾರ್ಸಿನೋಮಾದಲ್ಲಿ ಇ.ಡಬ್ಲ್ಯು.ಎಸ್.ಆರ್.1 ವಂಶವಾಹಿಯ ಬೆಸುಗೆ ಇರುವುದು 2011ರಲ್ಲಿ ತಿಳಿಯಿತು. ಹಲ್ಲು ಬೆಳೆಯುವ ಅಂಗಾಂಶದಿಂದ ದವಡೆಯೊಳಗೆ ಹುಟ್ಟುವ ತಿಳಿಕೋಶದ ಕ್ಯಾನ್ಸರಿನಲ್ಲಿಯೂ ಅದೇ ವಂಶವಾಹಿ ಮುರಿದಿರುತ್ತದೆ. ಗಡ್ಡೆಯು ಮೂಳೆಯೊಳಗೆ ಹುಟ್ಟಿತೋ ಪೊರೆಯ ಕೆಳಗಿನ ಗ್ರಂಥಿಯಲ್ಲಿ ಹುಟ್ಟಿತೋ ಎಂಬುದನ್ನು ಎಕ್ಸ್-ರೇ, ಸಿ.ಟಿ.ಗಳೇ ಹೇಳಬೇಕು. ಮೂತ್ರಪಿಂಡದ ಕ್ಯಾನ್ಸರು ಬಾಯಿಗೆ ಹರಡಿದಾಗಲೂ ತಿಳಿಕೋಶಗಳೇ ಕಾಣುವುದರಿಂದ ಹೊಟ್ಟೆಯ ಸ್ಕ್ಯಾನನ್ನೂ ಪರಿಗಣಿಸಬೇಕಾಗುತ್ತದೆ.

ಭಾರತದ ಸಂದರ್ಭದಲ್ಲಿ ಇಂತಹ ಪರೀಕ್ಷೆಗಳು ಮುಖ್ಯವಾಗಿ ದೊಡ್ಡ ನಗರಗಳ ಕೇಂದ್ರಗಳಲ್ಲಿ ನಡೆಯುತ್ತವೆ; ವೆಚ್ಚವೂ ಹೆಚ್ಚು. ಪ್ರತಿಯೊಂದು ಗಡ್ಡೆಗೂ ಇವು ಅಗತ್ಯವಿಲ್ಲ. ವಿನ್ಯಾಸವೂ ಅಂಚೂ ಸ್ಪಷ್ಟವಾಗಿದ್ದಲ್ಲಿ ಹೆಮಟಾಕ್ಸಿಲಿನ್, ಇಯೋಸಿನ್ ಎಂಬ ಎರಡು ಹಳೆಯ ಬಣ್ಣಗಳೇ ಸಾಕಾಗುತ್ತವೆ. ಚಿಕಿತ್ಸೆ ಬದಲಾಗುವಂತಹ ಸಂದೇಹ ಉಳಿದಾಗ ಮೇಣದ ಅಚ್ಚಿನಲ್ಲಿ ಕಾದಿಟ್ಟ ಅಂಗಾಂಶವನ್ನು ಅನುಭವವುಳ್ಳ ಕೇಂದ್ರಕ್ಕೆ ಕಳುಹಿಸಿ ಎರಡನೆಯ ಅಭಿಪ್ರಾಯ ಪಡೆಯುವುದು ಕಡಿಮೆ ವೆಚ್ಚದ, ಹೆಚ್ಚು ಫಲದ ಮಾರ್ಗ. ದಂತವೈದ್ಯಕೀಯ ಕಾಲೇಜುಗಳಲ್ಲಿ ಬಾಯಿಯ ಪೆಥಾಲಜಿಯು ಸ್ವತಂತ್ರ ಸ್ನಾತಕೋತ್ತರ ವಿಷಯವಾಗಿದ್ದು, ಕರ್ನಾಟಕದಲ್ಲಿ ಇಂತಹ ಕಾಲೇಜುಗಳು ಹಲವಾರಿವೆ. ಈ ವಿಭಾಗಗಳ ಹಳೆಯ ಅಚ್ಚುಗಳನ್ನು ಇಂದಿನ ವರ್ಗೀಕರಣದ ಬೆಳಕಿನಲ್ಲಿ ಮರುಪರಿಶೀಲಿಸುವುದು ಸಂಶೋಧಕರಿಗೆ ತೆರೆದಿರುವ ಉಪಯುಕ್ತ ಕ್ಷೇತ್ರವಾಗಿದೆ.

ಉಪಸಂಹಾರ

ಬಾಯಿಯ ಕಿರು ಲಾಲಾಗ್ರಂಥಿಗಳ ಕ್ಯಾನ್ಸರಿನ ನಿರ್ಣಯವು ಒಬ್ಬರ ಕೈಯಲ್ಲಿ ಪೂರ್ಣಗೊಳ್ಳುವ ಕಾರ್ಯವಲ್ಲ. ಗಂಟಿನ ನೆಲೆಯನ್ನು ಗುರುತಿಸಿ ಅನುಮಾನಪಡುವವರು ಬಹುತೇಕ ದಂತವೈದ್ಯರು. ಅದರ ಹಾದಿಯನ್ನು ತೋರಿಸುವವರು ವಿಕಿರಣ ತಜ್ಞರು. ಸಾಕ್ಷ್ಯವನ್ನು ಕೆಡಿಸದೆ ತೆಗೆಯುವವರು ಶಸ್ತ್ರವೈದ್ಯರು. ಅದನ್ನು ಓದಿ ಹೆಸರಿಡುವವರು ಪೆಥಾಲಜಿ ತಜ್ಞರು. ಮೊದಲ ಹಂತದಲ್ಲಿ ಕಳೆದುಹೋದ ಮಾಹಿತಿಯನ್ನು ಕೊನೆಯ ಹಂತದ ಅತ್ಯಾಧುನಿಕ ಯಂತ್ರವೂ ಮರಳಿ ತರಲಾರದು. ಆಳವಿಲ್ಲದ ತುಣುಕಿನಲ್ಲಿ ವಂಶವಾಹಿಯನ್ನು ಹುಡುಕಿದರೆ ಸಿಗುವುದು ಆರೋಗ್ಯಕರ ಪೊರೆಯ ವಂಶವಾಹಿ ಮಾತ್ರ.

ಅಂಗುಳದಲ್ಲಿ ನೋವಿಲ್ಲದೆ ಉಳಿದುಕೊಂಡ ಗಂಟು, ಎರಡು ಮೂರು ವಾರಗಳಾದರೂ ಮಾಯದ ಹುಣ್ಣು, ಕಾರಣವಿಲ್ಲದ ಜೋಮು ಇವುಗಳನ್ನು ರೋಗಿಗೆ ಚಟವಿದ್ದರೂ ಇಲ್ಲದಿದ್ದರೂ ಅಂಗಾಂಶ ಪರೀಕ್ಷೆಗೆ ಒಳಪಡಿಸುವುದು ಅವಶ್ಯ. ವರದಿಯಲ್ಲಿ ಬಗೆ, ದರ್ಜೆ, ಅಂಚಿನ ಸ್ಥಿತಿ, ನರದ ಆಕ್ರಮಣ ಎಂಬ ನಾಲ್ಕೂ ಇರಬೇಕಾದುದು ಅಷ್ಟೇ ಅವಶ್ಯ. ಈ ಕ್ಯಾನ್ಸರ್‌ಗಳಲ್ಲಿ ಅನೇಕವು ನಿಧಾನವಾಗಿ ಬೆಳೆಯುವವಾದ್ದರಿಂದ ಸರಿಯಾದ ನಿರ್ಣಯಕ್ಕೆ ಬೇಕಾದ ಕಾಲಾವಕಾಶವನ್ನು ಕಾಯಿಲೆಯೇ ಬಹುತೇಕ ಒದಗಿಸುತ್ತದೆ. ಅದು ಕೀವುಗಡ್ಡೆಯ ಔಷಧಿಗಳಲ್ಲಿ ಕಳೆದುಹೋಗದಂತೆ ನೋಡಿಕೊಳ್ಳುವ ಹೊಣೆ, ರೋಗಿಯ ಬಾಯನ್ನು ಮೊದಲು ಪರೀಕ್ಷಿಸಿದವರದಾಗಿದೆ.